ಶಾಸ್ತ್ರ ಹೇಳಿದವರ ಬದನೆಕಾಯಿ

ಕೊರೊನಾ ಬಂದ ವರ್ಷ ರಾಜ್ಯದ ಉಳಿದೆಲ್ಲ ಜಿಲ್ಲೆಗಳಿಗೆ ಸೋಂಕು ಕಾಲಿಟ್ಟ ಮೇಲೂ ಚಾಮರಾಜನಗರ ಜಿಲ್ಲೆ ಹಸಿರು ವಲಯದಲ್ಲೇ ಇತ್ತು. 2020ರ ಜೂನ್ ಎರಡನೇ ವಾರದವರೆಗೆ ಇಲ್ಲಿ ಒಂದು ಪ್ರಕರಣವೂ ದಾಖಲಾಗಲಿಲ್ಲ. ಒಂದು ಮಗ್ಗುಲಿಗೆ ವಯನಾಡು, ಇನ್ನೊಂದು ಮಗ್ಗುಲಿಗೆ ನೀಲಗಿರಿ ಮತ್ತು ಈರೋಡು, ತಲೆಯ ಮೇಲೆ ನಂಜನಗೂಡಿನ ಔಷಧ ಕಾರ್ಖಾನೆಯಿಂದ ಹಬ್ಬಿದ ಸೋಂಕು. ಇವುಗಳ ನಡುವೆ ಇದ್ದುಕೊಂಡು ಪಾರಾಗುವುದು ಸಣ್ಣ ಮಾತಲ್ಲ. ಪರೀಕ್ಷೆ ಕಡಿಮೆ ಮಾಡಿದ್ದರು, ಅದಕ್ಕೇ ಸಿಗಲಿಲ್ಲ ಎಂದು ಮೂಗು ಮುರಿದವರೂ ಇದ್ದರು; ಅದರಲ್ಲೂ ಸ್ವಲ್ಪ ನಿಜವಿರಬಹುದು. ಆದರೆ ಜನ ತೆತ್ತ ಬೆಲೆಯಂತೂ ಸುಳ್ಳಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಸೀಮೆಯ ಟೊಮೆಟೊ, ಎಲೆಕೋಸು, ಬೀನ್ಸ್, ಸಾಂಬಾರ್ ಈರುಳ್ಳಿಗೆ ದೊಡ್ಡ ಗಿರಾಕಿ ಕೇರಳ. ಗಡಿ ಬಿಗಿಯಾಗಿ ವ್ಯಾಪಾರಿಗಳು ಬರುವುದು ಕಡಿಮೆಯಾದರೆ ಇಲ್ಲಿನ ರೈತನ ಫಸಲು ಹೊಲದಲ್ಲೇ ಕೊಳೆಯಬೇಕು. ಮದುವೆಗಳನ್ನು ಮುಂದೂಡಿದರು, ಜಾತ್ರೆ ಬಿಟ್ಟರು, ಸತ್ತವರ ಮುಖ ನೋಡಲು ಹೋಗಲಿಲ್ಲ. ಸರ್ಕಾರ ಒಂದು ನಿಯಮ ಮಾಡಿತು, ಜನ ಅದನ್ನು ನಂಬಿ ನಡೆದರು.

ಅದೇ ದಿನಗಳಲ್ಲಿ ನಿಯಮ ಮಾಡಿದವರು ಏನು ಮಾಡುತ್ತಿದ್ದರು? ಮಾಲು, ಚಿತ್ರಮಂದಿರ ಮುಚ್ಚಿಸಿ, ಮದುವೆ-ಸಮಾರಂಭಗಳಿಗೆ ಕಡಿವಾಣ ಹಾಕುವುದಾಗಿ 2020ರ ಮಾರ್ಚ್ 13ರಂದು ಘೋಷಿಸಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ, ಎರಡೇ ದಿನಕ್ಕೆ ಬೆಳಗಾವಿಯಲ್ಲಿ ತಮ್ಮ ಪಕ್ಷದ ವಿಧಾನ ಪರಿಷತ್ ಸದಸ್ಯರೊಬ್ಬರ ಮನೆಯ ಅದ್ಧೂರಿ ಮದುವೆಯಲ್ಲಿದ್ದರು. ಏಪ್ರಿಲ್ 10ರಂದು ತುರುವೇಕೆರೆಯ ಆಗಿನ ಶಾಸಕ ಮಸಾಲ ಜಯರಾಂ ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಜನ ಸೇರಿಸಿ, ಬಿರಿಯಾನಿ ಹಂಚಿ ಹುಟ್ಟುಹಬ್ಬ ಆಚರಿಸಿಕೊಂಡರು. ಏಪ್ರಿಲ್ 17ರಂದು ಬಿಡದಿ ಬಳಿಯ ಕೇತಗಾನಹಳ್ಳಿ ತೋಟದ ಮನೆಯಲ್ಲಿ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮಗನ ಮದುವೆ ನಡೆಯಿತು. ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದ ಹೊತ್ತು. ಜೂನ್‌ನಲ್ಲಿ ಆರೋಗ್ಯ ಸಚಿವರಾಗಿದ್ದ ಬಿ. ಶ್ರೀರಾಮುಲು ಅವರಿಗೆ ಚಿತ್ರದುರ್ಗ ಜಿಲ್ಲೆಯ ಪರಶುರಾಂಪುರದಲ್ಲಿ ಸೇಬಿನ ಹಾರ ಹಾಕಿ ಮೆರವಣಿಗೆ ಮಾಡಿದರು. ಅಂತರ ಕಾಯ್ದುಕೊಳ್ಳಿ ಎಂದು ದಿನಾ ಟಿ.ವಿ.ಯಲ್ಲಿ ಹೇಳುವ ಖಾತೆಯ ಸಚಿವರೇ ಅವರು. ಇವೆಲ್ಲಕ್ಕಿಂತ ಗಮನಿಸಬೇಕಾದದ್ದು ಬೇರೆಯಿದೆ. ಬಿಡದಿಯ ಮದುವೆ ಬಗ್ಗೆ ಜನ ಸಿಟ್ಟಾದಾಗ ಅದನ್ನು ಸಮರ್ಥಿಸಲು ಬಂದವರು ಸ್ವತಃ ಮುಖ್ಯಮಂತ್ರಿ: ಸರಳವಾಗಿಯೇ ಮಾಡಿದ್ದಾರೆ, ಅದರ ಚರ್ಚೆ ಬೇಕಿಲ್ಲ ಎಂಬ ಧಾಟಿಯಲ್ಲಿ ಅವರು ಮಾತಾಡಿದರು. ಒಂದು ವರ್ಷದ ಹಿಂದಷ್ಟೇ ಒಬ್ಬರನ್ನೊಬ್ಬರು ಕುರ್ಚಿಯಿಂದ ಇಳಿಸಲು ಹೊಡೆದಾಡಿದ್ದವರು ಇವರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಯಲ್ಲಿ ತಿನ್ನುವವನು ಒಬ್ಬನೇ. ಇಲ್ಲಿ ಪಂಕ್ತಿಯೇ ಇತ್ತು.

ಇಂಥ ಹೊತ್ತಿನಲ್ಲಿ ಜನರಲ್ಲಿ ಏಳುವ ಸಿಟ್ಟನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ಸುಲಭ. ಅವರ ಮನೆ ಮದುವೆ ನಡೆಯಿತು, ನಮ್ಮದು ನಿಂತಿತು ಎಂಬ ಸಂಕಟ ಅಷ್ಟೇ ಎನ್ನುವವರಿದ್ದಾರೆ. ಆ ಸಂಕಟವೂ ನ್ಯಾಯವಾದದ್ದೇ, ಆದರೆ ವಿಷಯ ಅಷ್ಟಕ್ಕೇ ನಿಲ್ಲುವುದಿಲ್ಲ. ನಿಯಮ ಎಂಬುದು ಎರಡೂ ಕಡೆಯ ಒಪ್ಪಂದ. ನೀವು ಇಷ್ಟು ತ್ಯಾಗ ಮಾಡಿ, ನಾವೂ ಮಾಡುತ್ತೇವೆ, ಜೊತೆಗೆ ನಮ್ಮ ಪಾಲಿನ ಕೆಲಸವನ್ನೂ ಮಾಡಿ ಮುಗಿಸುತ್ತೇವೆ ಎಂಬ ಮಾತು ಪ್ರತಿ ಆದೇಶದ ಬೆನ್ನಿಗೂ ಇರುತ್ತದೆ. ಆ ಮಾತನ್ನು ನಂಬಿದ್ದರಿಂದಲೇ ಒಬ್ಬ ಪೇದೆ ನಿಂತ ಸರ್ಕಲ್‌ನಲ್ಲಿ ಸಾವಿರ ಜನ ತಾವಾಗಿಯೇ ಮನೆಗೆ ಹೋಗುತ್ತಾರೆ. ಸಾವಿರ ಜನಕ್ಕೆ ಸಾವಿರ ಪೇದೆ ಬೇಕಾಗುವುದಿಲ್ಲ. ಮೇಲಿನವರು ಮಾತು ತಪ್ಪಿದಾಗ ಮೊದಲು ಪೆಟ್ಟು ಬೀಳುವುದು ಆ ಪೇದೆಗೆ, ಮನೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ, ಪಂಚಾಯ್ತಿ ಪಿಡಿಒಗೆ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ಮುಚ್ಚು ಎಂದವರಿಗೆ, ಮೊದಲು ಅವರಿಗೆ ಹೇಳಿ ಸ್ವಾಮಿ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೆ ಎದುರಾಡಲು ಪೇದೆಯ ಹತ್ತಿರ ಲಾಠಿಯಲ್ಲದೆ ಬೇರೆ ಏನೂ ಉಳಿಯುವುದಿಲ್ಲ. ಇದು ಬರೀ ತರ್ಕವಲ್ಲ. ಬ್ರಿಟನ್ ಪ್ರಧಾನಿಯ ಮುಖ್ಯ ಸಲಹೆಗಾರ ಡಾಮಿನಿಕ್ ಕಮಿಂಗ್ಸ್ ಲಾಕ್‌ಡೌನ್ ನಡುವೆ ಲಂಡನ್ನಿನಿಂದ ಡರ್ಹಮ್‌ಗೆ ಕಾರಿನಲ್ಲಿ ಹೋಗಿದ್ದ ಸಂಗತಿ 2020ರ ಮೇ ತಿಂಗಳಲ್ಲಿ ಬಯಲಾಯಿತು. ಆ ಮೇಲೆ ಇಂಗ್ಲೆಂಡಿನ ಜನರಿಗೆ ಸರ್ಕಾರದ ಮೇಲಿದ್ದ ವಿಶ್ವಾಸ ಒಮ್ಮೆಲೇ ಕುಸಿದದ್ದನ್ನು, ತಮ್ಮದೇ ಸರ್ಕಾರಗಳಿದ್ದ ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಹಾಗೆ ಕುಸಿಯದಿದ್ದದ್ದನ್ನು ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ದಾಖಲಿಸಿತು. ಒಬ್ಬ ಸಲಹೆಗಾರನ ಒಂದು ಪ್ರಯಾಣಕ್ಕೆ ಅಷ್ಟು ಬೆಲೆ.

ನಮ್ಮಲ್ಲಿ ಆ ಬೆಲೆ ಎಷ್ಟು ಎಂದು ಯಾರೂ ಅಳೆಯಲಿಲ್ಲ. 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಏರುತ್ತಿದ್ದಾಗಲೇ ಬೆಳಗಾವಿ, ಮಸ್ಕಿ, ಬಸವಕಲ್ಯಾಣದ ಉಪಚುನಾವಣೆಗೆ ಎಲ್ಲ ಪಕ್ಷಗಳ ಸಭೆಗಳು ತುಂಬಿ ತುಳುಕಿದವು. ಪ್ರಚಾರ ಮುಗಿಸಿ ಬಂದ ಮುಖ್ಯಮಂತ್ರಿಗೇ ಎರಡನೇ ಸಲ ಸೋಂಕು ತಗುಲಿತು. ಏಪ್ರಿಲ್ 27ರಿಂದ ಜನರಿಗೆ ಕರ್ಫ್ಯೂ. ಅದಾದ ವಾರದೊಳಗೆ, ಮೇ 2ರ ರಾತ್ರಿ ಮತ್ತು 3ರ ಬೆಳಗಿನ ನಡುವೆ, ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. 24 ಗಂಟೆಯಲ್ಲಿ 24 ಸಾವು ಎಂಬ ಸುದ್ದಿ ದೇಶವನ್ನೇ ನಡುಗಿಸಿತು. ಉಪಚುನಾವಣೆ ಸಭೆಗಳಿಂದಲೇ ಈ ಸಾವುಗಳಾದವು ಎನ್ನುವುದು ಅನ್ಯಾಯದ ಮಾತಾದೀತು. ಸತ್ತದ್ದು ಸಿಲಿಂಡರ್ ಬಾರದೆ. ಆದರೆ ಒಪ್ಪಂದದ ಇನ್ನೊಂದು ಅರ್ಧ ಇದೇ ಅಲ್ಲವೇ? ಜನ ಮನೆಯಲ್ಲಿ ಕೂತದ್ದು ಸರ್ಕಾರಕ್ಕೆ ಆಸ್ಪತ್ರೆ ಸಜ್ಜು ಮಾಡಿಕೊಳ್ಳಲು ಸಮಯ ಸಿಗಲಿ ಎಂದು. ಹಸಿರು ವಲಯವಾಗಿ ಉಳಿದು ಆ ಸಮಯವನ್ನು ಎಲ್ಲರಿಗಿಂತ ಹೆಚ್ಚು ದಿನ ಕೊಟ್ಟದ್ದು ಇದೇ ಜಿಲ್ಲೆ. ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಮೈಸೂರು, ಚಾಮರಾಜನಗರ ಜಿಲ್ಲಾಡಳಿತಗಳು ಪರಸ್ಪರ ಬೆರಳು ತೋರಿಸಿದವು. ಆಮ್ಲಜನಕ ಕೊರತೆಯಿಂದ ಸತ್ತವರು ಮೂವರಷ್ಟೇ ಎಂದರು ಆಗಿನ ಆರೋಗ್ಯ ಸಚಿವ ಕೆ. ಸುಧಾಕರ್. ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡ ನೇತೃತ್ವದ ಸಮಿತಿ ಆ ಸಂಖ್ಯೆಯನ್ನು 36ಕ್ಕೆ ಏರಿಸಿತು. ಮೂರಕ್ಕೂ 36ಕ್ಕೂ ನಡುವಿನ ಅಂತರವೇ ಜನರ ಸಿಟ್ಟಿನ ಅಳತೆ.

ವಿರೋಧ ಪಕ್ಷ ಬೇರೆಯಾಗಿತ್ತೇ? 2022ರ ಜನವರಿ 9ರ ಭಾನುವಾರ, ವಾರಾಂತ್ಯದ ಕರ್ಫ್ಯೂ ಜಾರಿಯಲ್ಲಿದ್ದಾಗಲೇ, ಕಾಂಗ್ರೆಸ್ ಮೇಕೆದಾಟು ಪಾದಯಾತ್ರೆ ಹೊರಟಿತು. ಸ್ವಾಬ್ ತೆಗೆಯಲು ಬಂದ ಆರೋಗ್ಯ ಸಿಬ್ಬಂದಿಯನ್ನು ಡಿ.ಕೆ. ಶಿವಕುಮಾರ್ ಬರಿಗೈಯಲ್ಲಿ ವಾಪಸು ಕಳಿಸಿದರು. ಹೈಕೋರ್ಟ್ ಗದರಿದ ಮೇಲೆ ರಾಮನಗರದಲ್ಲಿ ಯಾತ್ರೆ ನಿಂತಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು ಭಾರತ್ ಜೋಡೊ ಯಾತ್ರೆ ಗುಂಡ್ಲುಪೇಟೆಯ ಮೂಲಕ ರಾಜ್ಯ ಪ್ರವೇಶಿಸಿದಾಗ ರಾಹುಲ್ ಗಾಂಧಿ ಆಮ್ಲಜನಕ ದುರಂತದ ಕುಟುಂಬಗಳನ್ನು ಕೂರಿಸಿಕೊಂಡು ಕಷ್ಟ ಕೇಳಿದರು. ಕೇಳಿದ್ದು ಒಳ್ಳೆಯದೇ. ಆದರೆ ಆ ಕುಟುಂಬಗಳ ದುಃಖದ ಪರವಾಗಿ ಮಾತಾಡುವ ಅಧಿಕಾರವನ್ನು ಆ ಪಕ್ಷದ ರಾಜ್ಯ ನಾಯಕರು ಜನವರಿಯಲ್ಲೇ ಅರ್ಧ ಕಳೆದುಕೊಂಡಿದ್ದರು ಎಂಬುದನ್ನು ಆ ದಿನ ಯಾರೂ ಹೇಳಲಿಲ್ಲ.

ನಾಯಕರ ಕೆಲಸವೇ ಬೇರೆ, ಅವರಿಗೆ ವಿನಾಯಿತಿ ಬೇಕಾಗುತ್ತದೆ ಎಂಬ ವಾದವಿದೆ. ಒಪ್ಪೋಣ. ವಿನಾಯಿತಿಯನ್ನು ಕಂಡರೆ ಜನ ಉರಿದುಬೀಳುತ್ತಾರೆ ಎಂಬುದು ಮಾತ್ರ ಸುಳ್ಳು, ಮತ್ತು ಅದಕ್ಕೆ ಸಾಕ್ಷಿ ಗುಂಡ್ಲುಪೇಟೆಯ ಪಕ್ಕದಲ್ಲೇ ಇದೆ. ಬಂಡೀಪುರ ಕಾಡಿನೊಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಬಂದ್. 2009ರಲ್ಲಿ ಜಿಲ್ಲಾಡಳಿತ ಹೊರಡಿಸಿದ ಆದೇಶ. 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಒಂಬತ್ತಕ್ಕೆ ಐದು ನಿಮಿಷ ತಡವಾದರೆ ಮದ್ದೂರು ಚೆಕ್‌ಪೋಸ್ಟ್‌ನಲ್ಲಿ ತರಕಾರಿ ಲಾರಿ ಬೆಳಗಿನವರೆಗೆ ನಿಲ್ಲಬೇಕು. ಟಾರ್ಪಾಲಿನ ಕೆಳಗೆ ಟೊಮೆಟೊ ಬೆವರುತ್ತಿದ್ದರೂ ಗೇಟು ಏಳುವುದಿಲ್ಲ. ಅದೇ ಗೇಟು ಆಂಬುಲೆನ್ಸ್‌ಗೆ, ಗೊತ್ತುಮಾಡಿದ ಕೆಲವು ಸಾರಿಗೆ ಬಸ್ಸುಗಳಿಗೆ ಏಳುತ್ತದೆ. ಲಾರಿ ಚಾಲಕ ನಿಷೇಧವನ್ನು ಬೈಯಬಹುದು, ಆಂಬುಲೆನ್ಸನ್ನು ಬೈಯುವುದಿಲ್ಲ. ಏಕೆಂದರೆ ಯಾರಿಗೆ, ಎಷ್ಟು, ಏಕೆ ಎಂಬುದು ಆದೇಶದಲ್ಲೇ ಬರೆದಿದೆ; ಗೇಟಿನ ಮುಂದೆ ನಿಂತ ಮೇಲೆ ಹುಟ್ಟಿದ ವಿನಾಯಿತಿಯಲ್ಲ ಅದು. ಬೆಳಗಾವಿಯ ಮದುವೆ, ಬಿಡದಿಯ ಮದುವೆ, ಮೇಕೆದಾಟು ಯಾತ್ರೆ ಈ ಪರೀಕ್ಷೆಯಲ್ಲಿ ನಿಲ್ಲುತ್ತವೆಯೇ? ಮುಖ್ಯಮಂತ್ರಿ ಮದುವೆಗಳಿಗೆ ಹೋಗಬಹುದು ಎಂದು ಮಾರ್ಚ್ 13ರಂದೇ ಘೋಷಿಸಿ ಆಮೇಲೆ ಹೋಗಿದ್ದರೆ, ಕನಿಷ್ಠ ಪಕ್ಷ ಜನ ಆ ಮಾತಿಗೆ ನಗುತ್ತಿದ್ದರು.

ಸಣ್ಣ ವಿಷಯವನ್ನು ಊದಿ ದೊಡ್ಡದು ಮಾಡುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರ್ಕಾರಿ ಕಾರಿನ ಮೇಲೆ ಏಳು ಸಂಚಾರ ನಿಯಮ ಉಲ್ಲಂಘನೆಗಳಿದ್ದ ಸಂಗತಿ ಹೊರಬಿತ್ತು. ಆರು ಸಲ ಮುಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲ, ಒಂದು ಸಲ ಅತಿವೇಗ. ಅವರ ಸರ್ಕಾರವೇ ಆಗ ಪ್ರಕಟಿಸಿದ್ದ ಶೇ 50ರ ರಿಯಾಯಿತಿಯಲ್ಲಿ 2,500 ರೂಪಾಯಿ ದಂಡ ಕಟ್ಟಿ ಚುಕ್ತಾ ಮಾಡಿದರು. ಅದಕ್ಕೂ ಒಂದು ತಿಂಗಳ ಹಿಂದೆ ಹೆಬ್ಬಾಳದ ಮೇಲ್ಸೇತುವೆ ನೋಡಲು ಉಪಮುಖ್ಯಮಂತ್ರಿ ಶಿವಕುಮಾರ್ ಓಡಿಸಿದ ಸ್ಕೂಟರಿನ ಮೇಲೆ 34 ಪ್ರಕರಣ, 18,500 ರೂಪಾಯಿ ಬಾಕಿ ಇತ್ತು; ಅದು ಅವರ ಸ್ವಂತ ಗಾಡಿಯಲ್ಲ, ದಂಡವನ್ನೂ ಆಮೇಲೆ ಕಟ್ಟಲಾಯಿತು. ಕ್ಯಾಮೆರಾ ಮುಖ್ಯಮಂತ್ರಿಯ ಕಾರೆಂದು ಬಿಡಲಿಲ್ಲ ಎಂಬುದು ಮೆಚ್ಚತಕ್ಕದ್ದೇ. ಆದರೆ ಯಂತ್ರ ಹಿಡಿದದ್ದನ್ನು ವ್ಯವಸ್ಥೆಯ ಪ್ರಾಮಾಣಿಕತೆ ಎಂದು ಕರೆಯಲಾಗದು. ಕಾರಿನೊಳಗಿದ್ದ ಅಂಗರಕ್ಷಕನೋ ಚಾಲಕನೋ ಆರು ಸಲದಲ್ಲಿ ಒಂದು ಸಲವಾದರೂ, ಬೆಲ್ಟ್ ಹಾಕಿಕೊಳ್ಳಿ ಸಾರ್ ಎನ್ನುವ ಧೈರ್ಯ ಮಾಡಿದ್ದರೆ ಅದನ್ನು ಹಾಗೆ ಕರೆಯಬಹುದಿತ್ತು. ನಾರ್ವೆಯಲ್ಲಿ ಪ್ರಧಾನಿ ಎರ್ನಾ ಸೋಲ್ಬರ್ಗ್ ತಮ್ಮ ಹುಟ್ಟುಹಬ್ಬದ ಊಟಕ್ಕೆ ಮಿತಿ ಮೀರಿ ಜನ ಸೇರಿಸಿದ್ದಕ್ಕೆ 2021ರ ಏಪ್ರಿಲ್‌ನಲ್ಲಿ ಪೊಲೀಸರು 20,000 ಕ್ರೋನರ್ ದಂಡ ಹಾಕಿದರು. ಸಾಮಾನ್ಯವಾಗಿ ಇಂಥದ್ದಕ್ಕೆ ದಂಡ ಹಾಕುವುದಿಲ್ಲ, ಆದರೆ ನಿರ್ಬಂಧಗಳನ್ನು ಹೇರಿದವರೇ ಅವರಾದ್ದರಿಂದ ಹಾಕಿದ್ದೇವೆ ಎಂಬ ಅರ್ಥದ ಕಾರಣವನ್ನೂ ಕೊಟ್ಟರು. ನಮ್ಮಲ್ಲಿ ಪದವಿ ವಿನಾಯಿತಿಗೆ ದಾರಿ. ಅಲ್ಲಿ ಅದೇ ಪದವಿ ದಂಡಕ್ಕೆ ಕಾರಣವಾಯಿತು. ನಿಯಮ ಸಣ್ಣದಿದ್ದಷ್ಟೂ ಅದನ್ನು ಪಾಲಿಸುವ ಕಷ್ಟವೂ ಸಣ್ಣದು. ಬೆಲ್ಟ್ ಎಳೆದು ಸಿಕ್ಕಿಸಲು ಎರಡು ಸೆಕೆಂಡ್ ಸಾಕು. ಅಷ್ಟನ್ನೂ ಮಾಡದವರು ದೊಡ್ಡ ನಿಯಮವನ್ನು ಪಾಲಿಸುತ್ತಾರೆ ಎಂದು ಜನ ಯಾವ ಆಧಾರದ ಮೇಲೆ ನಂಬಬೇಕು?

ಜನರೇನು ಸಾಚಾಗಳೇ, ಹೆಲ್ಮೆಟ್ ಹಾಕದವರು ಅವರೇ, ಕೊನೆಗೆ ಅದೇ ನಾಯಕರಿಗೆ ಓಟು ಹಾಕುವವರೂ ಅವರೇ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದರ ಕೊನೆಯ ಮಾತನ್ನು ಅಲ್ಲಗಳೆಯಲಾಗದು. ಸುಧಾಕರ್ 2023ರ ವಿಧಾನಸಭಾ ಚುನಾವಣೆಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಸೋತರು, ಮರುವರ್ಷ ಅದೇ ಚಿಕ್ಕಬಳ್ಳಾಪುರದಿಂದ ಲೋಕಸಭೆಗೆ ಗೆದ್ದರು. ಜಾತಿ, ಪಕ್ಷ, ಹಣ, ಮೋದಿ, ಗ್ಯಾರಂಟಿ, ಇಷ್ಟೆಲ್ಲ ಸೇರಿದ ಓಟಿನಲ್ಲಿ ಒಂದು ರಾತ್ರಿಯ ಆಮ್ಲಜನಕದ ಲೆಕ್ಕವನ್ನು ಹುಡುಕುವುದು ಕಷ್ಟ. ಐದು ವರ್ಷಕ್ಕೊಮ್ಮೆ ಬರುವ ಮತಪೆಟ್ಟಿಗೆ ಇಂಥ ತಪ್ಪನ್ನು ತೂಗುವ ತಕ್ಕಡಿಯಲ್ಲ. ಅದಕ್ಕೆ ಪೊಲೀಸ್ ಠಾಣೆ, ನ್ಯಾಯಾಲಯ, ಸದನದ ಹಕ್ಕುಬಾಧ್ಯತಾ ಸಮಿತಿ ಎಂಬ ಬೇರೆ ತಕ್ಕಡಿಗಳಿವೆ. ಹೆಲ್ಮೆಟ್ ಹಾಕದವನ ವಿಷಯಕ್ಕೆ ಬಂದರೆ, ಅವನು ತಪ್ಪುಗಾರನೇ. ಆದರೆ ಹೆಲ್ಮೆಟ್ ಕಾನೂನು ಬರೆದವನು ಅವನಲ್ಲ, ಅದನ್ನು ಜಾರಿ ಮಾಡುವವರ ವರ್ಗಾವಣೆಯೂ ಅವನ ಕೈಯಲ್ಲಿಲ್ಲ. ನಾಯಕ ಮತ್ತು ಅವನು ಒಂದೇ ತಪ್ಪು ಮಾಡಿದರೂ ಇಬ್ಬರದೂ ಒಂದೇ ತೂಕವಲ್ಲ.

ಜನರ ಸಿಟ್ಟಿನ ಬಗ್ಗೆ ಒಂದು ದೂರು ಮಾತ್ರ ನನಗಿದೆ. ಅದು ಫೋಟೊ ಇದ್ದ ಕಡೆ ಮಾತ್ರ ಏಳುತ್ತದೆ. ಮಾಸ್ಕಿಲ್ಲದ ಮುಖ, ಬೆಲ್ಟಿಲ್ಲದ ಸೀಟು, ಸೇಬಿನ ಹಾರ ಕಣ್ಣಿಗೆ ಕಾಣುತ್ತವೆ. ಕಾಣದ ಉಲ್ಲಂಘನೆಗೆ ನಾವು ತಣ್ಣಗಿರುತ್ತೇವೆ. ಪಂಚಾಯ್ತಿಗಳ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳಿಗೆ ಕಳೆದ ಬಾರಿ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ನಾಲ್ಕು ವರ್ಷ ಕಳೆದರೂ ಚುನಾವಣೆಯಿಲ್ಲ. ಕ್ಷೇತ್ರ ಮರುವಿಂಗಡಣೆ ಎಂದು ಬಿಜೆಪಿ ಸರ್ಕಾರ ಎಳೆಯಿತು. 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಐದು ಲಕ್ಷ ರೂಪಾಯಿ ದಂಡ ಹಾಕಿತು. ಮೀಸಲಾತಿ ಪಟ್ಟಿ ಎಂದು ಕಾಂಗ್ರೆಸ್ ಸರ್ಕಾರ ಅದೇ ದಾರಿ ಹಿಡಿಯಿತು. ಪಂಚಾಯತ್ ರಾಜ್ ವ್ಯವಸ್ಥೆಯನ್ನು ಈ ರಾಜ್ಯದಲ್ಲಿ ಕಟ್ಟಿ, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ ಕೈಯಲ್ಲಿದ್ದ ಅಧಿಕಾರವನ್ನು ಹಂಚಿಕೊಟ್ಟ ಸಚಿವ ಅಬ್ದುಲ್ ನಜೀರ್ ಸಾಬ್ ಇದೇ ಗುಂಡ್ಲುಪೇಟೆಯವರು. ಅವರ ತಾಲ್ಲೂಕಿನಲ್ಲೇ ತಾಲ್ಲೂಕು ಪಂಚಾಯ್ತಿ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿ ವರ್ಷಗಟ್ಟಲೆ ನಡೆದಿದೆ, ಮತ್ತು ಅದರ ವಿರುದ್ಧ ಒಂದು ಬಂದ್ ಕೂಡ ಆಗಲಿಲ್ಲ.

ಸೀಟ್ ಬೆಲ್ಟ್ ಹಾಕದ್ದಕ್ಕೆ, ಅತಿವೇಗಕ್ಕೆ ಸೇರಿ 2,500 ರೂಪಾಯಿ ಕಟ್ಟಿದರೆ ಲೆಕ್ಕ ಮುಗಿಯಿತು. ಸಂವಿಧಾನ ಹೇಳಿದ ಚುನಾವಣೆಯನ್ನು ಮಾಡದ್ದಕ್ಕೆ ಹಾಕಿದ ದಂಡವನ್ನು ಖಜಾನೆಯಿಂದ, ಅಂದರೆ ನಮ್ಮ ಜೇಬಿನಿಂದಲೇ ಕಟ್ಟಬೇಕು. ತೆರಕಣಾಂಬಿಗೆ ಮುಂದಿನ ಸಲ ರಸ್ತೆಯ ಗುದ್ದಲಿಪೂಜೆಗೋ ಸಮುದಾಯ ಭವನದ ಉದ್ಘಾಟನೆಗೋ ಶಾಸಕರು, ಸಚಿವರು ಬಂದಾಗ ಅವರು ಬೆಲ್ಟ್ ಹಾಕಿದ್ದಾರೆಯೇ ಎಂದು ಮೊಬೈಲ್ ಹಿಡಿಯುವವರು ಹಿಡಿಯಲಿ. ಉಳಿದವರು ಮುಂದೆ ಹೋಗಿ ಕೇಳಿ: ಸ್ವಾಮಿ, ನಮ್ಮ ಜಿಲ್ಲಾ ಪಂಚಾಯ್ತಿ ಚುನಾವಣೆ ಯಾವ ತಾರೀಕಿಗೆ?