ಎರಡೇ ಪೆಡಲ್ಲು, ಒಂದು ಕ್ಯಾನ್ ಎಣ್ಣೆ

ಕಾರಿನ ವಿಷಯ ಬರೆದಾಗಲೆಲ್ಲ "ಮತ್ತೆ ಶುರುವಾಯ್ತಾ ನಿನ್ನ ಗ್ರೀಸು, ಎಣ್ಣೆ" ಅಂತ ಬೈಯುವ ಸ್ನೇಹಿತರಿದ್ದಾರೆ. ಈ ಸಲವೂ ಅದೇ. ಬೈದುಕೊಂಡೇ ಓದಿ :-) ಒಂದು ಮಾತು ಬಹಳ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ, ಹೇಳಿಬಿಡುತ್ತೇನೆ. "ಆಟೋಮ್ಯಾಟಿಕ್ ಗಾಡಿ ಟ್ರ್ಯಾಕಿಗಲ್ಲ, ಆಸೆ ಇದ್ರೆ ಮ್ಯಾನ್ಯುಯಲ್ ತಗೊಳ್ಳಿ" ಅನ್ನುವ ಉಪದೇಶ ಕೇಳಿ ಕೇಳಿ ನನಗೆ ಸಾಕಾಗಿದೆ.

ಟ್ರ್ಯಾಕ್ ಡೇ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಅದು ರೇಸ್ ಅಲ್ಲ. ರೇಸ್ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ದಿನಾ ಆಫೀಸಿಗೆ ಹೋಗುವ ಕಾರನ್ನೇ ಅಲ್ಲಿ ಹೆಲ್ಮೆಟ್ ಹಾಕಿಕೊಂಡು, ಹದಿನೈದು ಇಪ್ಪತ್ತು ನಿಮಿಷದ ಸರದಿಗಳಲ್ಲಿ ಜೋರಾಗಿ ಓಡಿಸುವುದು. ನೈಸ್ ರಸ್ತೆಯಲ್ಲಿ ತೋರಿಸುವ ಹುಚ್ಚಾಟವನ್ನು ಅಲ್ಲಿ ತೋರಿಸಿದರೆ ದಾರಿಹೋಕರ ಜೀವಕ್ಕೆ ಕುತ್ತಿಲ್ಲ. ನಮಗೆ ಬೆಂಗಳೂರಿನವರಿಗೆ ಎಟಕುವುದು ಶ್ರೀಪೆರಂಬುದೂರಿನ ಹತ್ತಿರ ಇರುವ ಇರುಂಗಾಟ್ಟುಕೋಟ್ಟೈ ಟ್ರ್ಯಾಕು (1990ರಲ್ಲಿ ಶುರುವಾಗಿದ್ದು, ಒಂದು ಸುತ್ತಿಗೆ ಸುಮಾರು 3.7 ಕಿ.ಮೀ.), ಬಿಟ್ಟರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. 2011ರಲ್ಲಿ ಫಾರ್ಮುಲಾ ಒನ್ ನಡೆದ ಬುದ್ಧ ಸರ್ಕ್ಯೂಟ್ ಗ್ರೇಟರ್ ನೋಯ್ಡಾದಲ್ಲಿದೆ, ಅಷ್ಟು ದೂರದ ಆಸೆ ನಮಗೆ ಬೇಡ.

ಈಗ ಉಪದೇಶಕ್ಕೆ ಬರೋಣ. ನನ್ನ ಗೆಳೆಯನೊಬ್ಬನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿನಲ್ಲಿ ಶಕ್ತಿ ಇಲ್ಲ. ಕ್ಲಚ್ ತುಳಿಯಲು ಆಗುವುದಿಲ್ಲ. ಆಟೋಮ್ಯಾಟಿಕ್ ಕಾರು ಕೈಗೆಟಕುವ ಬೆಲೆಗೆ ಬರುವವರೆಗೂ ಅವನು ಪಕ್ಕದ ಸೀಟಿನಲ್ಲೇ ಕೂತವನು. ಯಾವ ಕಾರು ಯಾವ ತಿರುವಿನಲ್ಲಿ ಹೇಗೆ ಹೋಗುತ್ತೆ ಅನ್ನೋದು ನಮಗೆಲ್ಲರಿಗಿಂತ ಅವನಿಗೇ ಚೆನ್ನಾಗಿ ಗೊತ್ತು, ಸ್ಟೀರಿಂಗ್ ಮಾತ್ರ ನಮ್ಮ ಕೈಯಲ್ಲಿರುತ್ತಿತ್ತು. ಅಂಥವನಿಗೆ "ಮ್ಯಾನ್ಯುಯಲ್ ತಗೊಳ್ಳಿ ಸಾರ್" ಅಂದರೆ ಏನರ್ಥ? ಮನೆಗೆ ಹೋಗಿ ಅಂತ. ಹೇಳುವವರಿಗೆ ಅದು ಗೊತ್ತಿರುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಉಪದೇಶ ತಾಂತ್ರಿಕವಾಗಿಯೂ ಸೋಮಾರಿತನದ್ದೇ.

ಇತಿಹಾಸ ಬೇಕಿದ್ದರೆ ನೋಡಿ. 1966ರಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ 1000 ಕಿ.ಮೀ. ರೇಸ್ ಗೆದ್ದಿದ್ದು ಅಮೆರಿಕದ ಜಿಮ್ ಹಾಲ್ ಕಟ್ಟಿದ ಶಪರಾಲ್ 2ಡಿ. ಓಡಿಸಿದವರು ಫಿಲ್ ಹಿಲ್ ಮತ್ತು ಯೋ ಬೊನಿಯೆ. ಆ ಕಾರಿನಲ್ಲಿ ಇದ್ದದ್ದು ಟಾರ್ಕ್ ಕನ್ವರ್ಟರ್, ಕ್ಲಚ್ ಪೆಡಲ್ಲೇ ಇರಲಿಲ್ಲ! ಮರುವರ್ಷದ 2ಎಫ್‌ನಲ್ಲಂತೂ, ಹೇಗೂ ಎಡಗಾಲು ಖಾಲಿ ಇದೆಯಲ್ಲ ಅಂತ, ಹಿಂದಿನ ದೊಡ್ಡ ರೆಕ್ಕೆಯನ್ನು ಮಲಗಿಸಲು ಅದನ್ನು ಬಳಸಿದರು. ಹಾಗಂತ ಎಲ್ಲ ಸುಖವಾಗಿತ್ತು ಅನ್ನುತ್ತಿಲ್ಲ. 1967ರಲ್ಲಿ 7 ಲೀಟರಿನ ಎಂಜಿನ್ ಹಾಕಿದ ಮೇಲೆ ಅದೇ ಗೇರ್‌ಬಾಕ್ಸ್ ರೇಸಿನ ಮೇಲೆ ರೇಸಿನಲ್ಲಿ ಕೈಕೊಟ್ಟಿತು. ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಮಾತ್ರ ಗೆದ್ದಿತು. ಅಂದರೆ ಎರಡು ಪೆಡಲ್ಲಿನ ಕಾರು ಟ್ರ್ಯಾಕಿಗೆ ಬರಬಹುದು, ಆದರೆ ಗೇರ್‌ಬಾಕ್ಸ್ ಎಷ್ಟು ತಾಳುತ್ತೆ ಅಂತ ಯಾರಾದರೂ ಯೋಚಿಸಿರಬೇಕು.

ತಾಳುವುದು, ತಾಳದಿರುವುದು ಬಹುಮಟ್ಟಿಗೆ ಬಿಸಿಯ ಪ್ರಶ್ನೆ. ಟಾರ್ಕ್ ಕನ್ವರ್ಟರಿನೊಳಗೆ ಎದುರುಬದುರಾಗಿ ಎರಡು ಫ್ಯಾನ್ ಇಟ್ಟ ಹಾಗೆ. ಒಂದನ್ನು ಎಂಜಿನ್ ತಿರುಗಿಸುತ್ತದೆ, ಅದು ಎಸೆಯುವ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಆ ವ್ಯತ್ಯಾಸದಲ್ಲಿ ಕಳೆದುಹೋಗುವ ಶಕ್ತಿ ಎಲ್ಲೂ ಹೋಗುವುದಿಲ್ಲ, ಎಣ್ಣೆಯಲ್ಲೇ ಬಿಸಿಯಾಗಿ ಕೂರುತ್ತದೆ. ಒಂದು ಸಾಧಾರಣ ಎಂಜಿನ್ 80 ಕಿಲೋವ್ಯಾಟ್ ಕೊಡುತ್ತಿದೆ, ಅದರಲ್ಲಿ ನೂರಕ್ಕೆ ಹತ್ತು ಪಾಲು ಜಾರಿಹೋಗುತ್ತಿದೆ ಅಂದುಕೊಳ್ಳಿ. 8 ಕಿಲೋವ್ಯಾಟ್! ಬಚ್ಚಲುಮನೆಯ 2 ಕಿಲೋವ್ಯಾಟಿನ ಗೀಸರ್ ನಾಲ್ಕನ್ನು ಆರು ಲೀಟರ್ ಎಣ್ಣೆಯೊಳಗೆ ಮುಳುಗಿಸಿ ಸ್ವಿಚ್ ಹಾಕಿದ ಹಾಗೆ. ಎಣ್ಣೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಸೆಕೆಂಡಿಗೆ ಮುಕ್ಕಾಲು ಡಿಗ್ರಿಯಷ್ಟು ಏರುತ್ತದೆ. ಸುತ್ತಲಿನ ಲೋಹ ಒಂದಷ್ಟು ಬಿಸಿ ಹೀರುತ್ತೆ, ಕೂಲರ್ ಒಂದಷ್ಟು ತೆಗೆಯುತ್ತೆ, ಹಾಗಾಗಿ ಮೊದಲ ಎರಡು ಸುತ್ತು ಏನೂ ಗೊತ್ತಾಗುವುದಿಲ್ಲ. ಆಮೇಲೆ ಇದೆ ಹಬ್ಬ.

ಊರಿನಲ್ಲಿ ಓಡಿಸುವಾಗ ಈ ಎಣ್ಣೆ 80ರಿಂದ 95 ಡಿಗ್ರಿ ಆಸುಪಾಸಿನಲ್ಲಿರುತ್ತದೆ. 120 ದಾಟಿದರೆ ಬೇಗ ಕೆಡುತ್ತದೆ, ಜಿಡ್ಡುಗಟ್ಟಿ ವಾಲ್ವ್‌ಗಳಿಗೆ ಅಂಟುತ್ತದೆ. ಇನ್ನೂ ಏರುತ್ತಾ ಹೋದರೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, ಒತ್ತಡ ಸೋರುತ್ತದೆ, ಒಳಗಿನ ಕ್ಲಚ್ ಪ್ಲೇಟುಗಳು ಜಾರಿ ಸುಡುತ್ತವೆ. 80ರ ಮೇಲೆ ಪ್ರತಿ 11 ಡಿಗ್ರಿ ಏರಿದರೆ ಎಣ್ಣೆಯ ಆಯಸ್ಸು ಅರ್ಧ ಅಂತ ಗೇರ್‌ಬಾಕ್ಸ್ ರಿಪೇರಿಯವರಲ್ಲಿ ಒಂದು ಹಳೇ ಲೆಕ್ಕವಿದೆ. ಈಗಿನ ಸಿಂಥೆಟಿಕ್ ಎಣ್ಣೆಗಳು ಅದಕ್ಕಿಂತ ಗಟ್ಟಿ, ಆದರೂ ಲೆಕ್ಕದ ದಾರಿ ಸರಿಯಾಗಿದೆ.

ನಮ್ಮಲ್ಲಿ ಇನ್ನೊಂದು ಗೊಂದಲ: ಕ್ಲಚ್ ಪೆಡಲ್ ಇಲ್ಲದ ಎಲ್ಲಕ್ಕೂ "ಆಟೋಮ್ಯಾಟಿಕ್" ಅಂತ ಒಂದೇ ಹೆಸರು. 2014ರಲ್ಲಿ ಸೆಲೆರಿಯೋ ಜೊತೆ ಬಂದ ಎಎಂಟಿ ಇದೆಯಲ್ಲ, ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚನ್ನು ನಮ್ಮ ಬದಲು ಯಂತ್ರ ಒತ್ತುತ್ತದೆ ಅಷ್ಟೆ. ಅದಕ್ಕೆ ಎಣ್ಣೆ ಕೂಲರ್ ಹಾಕಿದರೆ ದುಡ್ಡು ದಂಡ. ಡ್ರೈ ಕ್ಲಚ್ಚಿನ ಡಿಎಸ್‌ಜಿಯಲ್ಲೂ ಬಿಸಿಯಾಗುವುದು ಕ್ಲಚ್, ಅದರ ಮೇಲೆ ಎಣ್ಣೆ ಹರಿಯುವುದೇ ಇಲ್ಲ. ಸಿವಿಟಿಯಲ್ಲಿ ಎಣ್ಣೆ ತೀರಾ ಬಿಸಿಯಾದರೆ ಕಂಪ್ಯೂಟರೇ ಎಂಜಿನ್ನಿನ ಶಕ್ತಿ ಇಳಿಸಿಬಿಡುತ್ತದೆ. ನಾನು ಹೇಳುತ್ತಿರುವುದು ಮುಖ್ಯವಾಗಿ ಟಾರ್ಕ್ ಕನ್ವರ್ಟರ್ ಇರುವವರಿಗೆ, ಸ್ವಲ್ಪಮಟ್ಟಿಗೆ ವೆಟ್ ಕ್ಲಚ್ಚಿನವರಿಗೂ. ನಿಮ್ಮದು ಯಾವುದು ಅಂತ ತಿಳಿಯದೆ ಜೆ.ಸಿ. ರಸ್ತೆಗೆ ಓಡಬೇಡಿ.

ಗೆಳೆಯನದು ಟಾರ್ಕ್ ಕನ್ವರ್ಟರಿನ ಆರು ಗೇರಿನ ಕಾರು. ಹೋದ ಸಲ ಚೆನ್ನೈಗೆ ಹೋದಾಗ ಡಯಾಗ್ನೋಸ್ಟಿಕ್ ಪೋರ್ಟಿಗೆ ಒಂದು ಪುಟ್ಟ ರೀಡರ್ ಸಿಕ್ಕಿಸಿ, ಗೇರ್‌ಬಾಕ್ಸ್ ಎಣ್ಣೆಯ ಉಷ್ಣಾಂಶ ಫೋನಿನಲ್ಲಿ ಕಾಣುವ ಹಾಗೆ ಮಾಡಿಕೊಂಡಿದ್ದ. ಬೆಂಗಳೂರಿನ ಹವೆ ಬೇರೆ, ಶ್ರೀಪೆರಂಬುದೂರಿನ ಮಧ್ಯಾಹ್ನ ಬೇರೆ. ನಾಲ್ಕನೇ ಸುತ್ತಿಗೆ 120 ದಾಟಿತು, ಅವನು ಒಳಗೆ ಬಂದ. ಪಿಟ್‌ನಲ್ಲಿ ಮುಂದೆ ಮೂರ್ನಾಲ್ಕು ಕಾರುಗಳ ಸಾಲು. ಬ್ರೇಕ್ ಒತ್ತಿಕೊಂಡು ಡಿಯಲ್ಲೇ ನಿಂತಿದ್ದಾನೆ, ಕಾರು ನಿಂತಿದ್ದರೂ ಅಂಕಿ ಇಳಿಯುತ್ತಿಲ್ಲ. ಇಳಿಯುವುದಾದರೂ ಹೇಗೆ? ಎಂಜಿನ್ ತಿರುಗುತ್ತಿದೆ, ಚಕ್ರ ನಿಂತಿದೆ, ನಡುವಿನ ಎಣ್ಣೆ ಕಡೆಯುತ್ತಲೇ ಇದೆ, ಮುಂದಿನಿಂದ ಗಾಳಿಯೂ ಇಲ್ಲ. ನ್ಯೂಟ್ರಲ್‌ಗೆ ಹಾಕಿದ ಮೇಲೆ ನಿಧಾನಕ್ಕೆ ಇಳಿಯತೊಡಗಿತು. ಅಲ್ಲಿದ್ದ ತರಬೇತುದಾರರು ಬಂದು ಬಗ್ಗಿ ನೋಡಿ ಹೇಳಿದ್ದು ಅದೇ ಮಾತು: "ಮುಂದಿನ ಸಲ ಮ್ಯಾನ್ಯುಯಲ್ ತನ್ನಿ." ಗೆಳೆಯ ನಕ್ಕು ಸುಮ್ಮನಾದ. ನನಗೆ ಮೈ ಉರಿಯಿತು.

ಯಾಕಂದರೆ ಹೇಳಬಹುದಾಗಿದ್ದ ಮಾತು ಎಷ್ಟೊಂದಿತ್ತು! ಡಿಯಲ್ಲಿ ಬಿಟ್ಟರೆ ಗೇರ್‌ಬಾಕ್ಸ್ ತಿರುವು ತಿರುವಿಗೂ ಮೇಲೆ ಕೆಳಗೆ ಹಾರುತ್ತದೆ, ಪ್ರತಿ ಸಲವೂ ಕನ್ವರ್ಟರಿನ ಲಾಕಪ್ ಕ್ಲಚ್ ಬಿಟ್ಟು ಹಿಡಿಯುತ್ತದೆ. ಲಾಕ್ ಆಗಿದ್ದಾಗ ಜಾರುವುದಿಲ್ಲ, ಬಿಸಿ ಹುಟ್ಟುವುದು ತೀರಾ ಕಡಿಮೆ. ಅದಕ್ಕೇ ಮ್ಯಾನ್ಯುಯಲ್ ಮೋಡಿಗೆ ಹಾಕಿ ಒಂದೇ ಗೇರಿನಲ್ಲಿ ಆದಷ್ಟು ದೂರ ಹೋಗಬೇಕು. ಬಲಗಾಲು ಆಕ್ಸಿಲರೇಟರ್ ಮೇಲೆ ಇರುವಾಗಲೇ ಎಡಗಾಲಿನಲ್ಲಿ ಬ್ರೇಕ್ ಒತ್ತುವ ಚಾಳಿ ಇದ್ದವರು ಬಿಡಬೇಕು (ನಮ್ಮವನಿಗೆ ಆ ತೊಂದರೆ ಇಲ್ಲ, ಅವನದೇ ಜೋಕು ಇದು). ಮೂರು ಸುತ್ತು ಜೋರು, ಒಂದು ಸುತ್ತು ನಿಧಾನ. ಒಳಗೆ ಬಂದ ಮೇಲೆ ಪಿಗೆ ಹಾಕಿ ಎಂಜಿನ್ನನ್ನು ಕೆಲವು ನಿಮಿಷ ಹಾಗೇ ಬಿಡಬೇಕು. ಎಣ್ಣೆಯ ಪಂಪ್ ತಿರುಗಿಸುವುದು ಎಂಜಿನ್ನೇ, ತಕ್ಷಣ ಆಫ್ ಮಾಡಿದರೆ ಬಿಸಿ ಎಣ್ಣೆ ಇದ್ದಲ್ಲೇ ಕೂತು ಬೇಯುತ್ತದೆ. ಇದಿಷ್ಟಕ್ಕೂ ಒಂದು ಪೈಸೆ ಖರ್ಚಿಲ್ಲ. ಬೆಳಗಿನ ಬ್ರೀಫಿಂಗಿನಲ್ಲಿ ಬಾವುಟದ ಬಣ್ಣಗಳನ್ನೆಲ್ಲ ವಿವರಿಸುತ್ತಾರಲ್ಲ, ಅದರ ಜೊತೆ ಎರಡು ನಿಮಿಷ ಇದನ್ನೂ ಹೇಳಿದರೆ ಗಂಟು ಹೋಗುತ್ತಾ?

ಖರ್ಚಿನ ಭಾಗ ಆಮೇಲಿನದು. ಬಹಳಷ್ಟು ಕಾರುಗಳಲ್ಲಿ ಕಂಪನಿಯವರು ಕೊಡುವ ಕೂಲರ್ ರೇಡಿಯೇಟರಿನ ತೊಟ್ಟಿಯೊಳಗೇ ಇರುತ್ತದೆ, ಇಲ್ಲವೇ ಗೇರ್‌ಬಾಕ್ಸಿನ ಮೇಲೆ ಕೂತ ಒಂದು ಪುಟ್ಟ ಡಬ್ಬಿ, ಅದರೊಳಗೆ ಎಂಜಿನ್ನಿನ ನೀರು. ಟ್ರ್ಯಾಕಿನಲ್ಲಿ ಆ ನೀರೇ ನೂರರ ಹತ್ತಿರ ಇರುತ್ತದೆ, ಅದು ಎಣ್ಣೆಯನ್ನು ಎಷ್ಟು ತಣಿಸೀತು? ಬೆಂದವನ ಹತ್ತಿರ ಬೆಂದವನು ಬೀಸಣಿಗೆ ಕೇಳಿದ ಹಾಗೆ. ಅದಕ್ಕೆ ಪ್ರತ್ಯೇಕ ಗಾಳಿ ಕೂಲರ್ ಬೇಕು. ಎಣ್ಣೆ ಮೊದಲು ಹಳೇ ಕೂಲರಿಗೆ, ಅಲ್ಲಿಂದ ಹೊಸದಕ್ಕೆ, ಆಮೇಲೆ ಗೇರ್‌ಬಾಕ್ಸಿಗೆ ಹೋಗುವ ಹಾಗೆ ಜೋಡಿಸಿದರೆ ಒಳ್ಳೆಯದು. ತೀರಾ ತಣ್ಣಗಿನ ಎಣ್ಣೆಯೂ ಗೇರ್‌ಬಾಕ್ಸಿಗೆ ಒಗ್ಗುವುದಿಲ್ಲ, ಡಿಸೆಂಬರಿನ ಬೆಳಗ್ಗೆ ಆಫೀಸಿಗೂ ಇದೇ ಕಾರು ಹೋಗಬೇಕಲ್ಲ. ದಾರಿಯಲ್ಲೊಂದು ಥರ್ಮೋಸ್ಟ್ಯಾಟ್ ಹಾಕಿಸಿದರೆ ಇನ್ನೂ ನೆಮ್ಮದಿ.

ಕೂಲರಿನ ಗಾತ್ರಕ್ಕಿಂತ ಅದಕ್ಕೆ ಗಾಳಿ ಎಲ್ಲಿಂದ ಬರುತ್ತೆ ಅನ್ನೋದು ಮುಖ್ಯ. ಬಂಪರಿನ ಹಿಂದೆ ಎಲ್ಲೋ ಮೂಲೆಯಲ್ಲಿ ಕೇಬಲ್ ಟೈ ಹಾಕಿ ನೇತುಬಿಟ್ಟರೆ ಗಾಳಿ ಸುತ್ತಿಕೊಂಡು ಹೋಗುತ್ತದೆ, ಒಳಗೆ ನುಗ್ಗುವುದಿಲ್ಲ. ಅಂಚುಗಳಿಗೆ ಫೋಮ್ ಕೊಟ್ಟು ಸಂದು ಮುಚ್ಚಬೇಕು. ಪೈಪಿನ ವಿಷಯದಲ್ಲಿ ಜುಗ್ಗತನ ಬೇಡವೇ ಬೇಡ. ಪೆಟ್ರೋಲ್ ಪೈಪಿಗೆ ಕ್ಲಿಪ್ಪು ಬಿಗಿದು "ಆಯ್ತಣ್ಣ, ಆರಾಮಾಗಿ ಹೋಗಿ" ಅನ್ನುವವರಿದ್ದಾರೆ. ಬಿಸಿ ಎಣ್ಣೆ ಕಿತ್ತುಕೊಂಡು ಸೈಲೆನ್ಸರ್ ಮೇಲೆ ಬಿದ್ದರೆ ಬೆಂಕಿ. ಎಣ್ಣೆ ಜಾಸ್ತಿ ತುಂಬಿಸಿದರೂ ಅಷ್ಟೇ, ಬಿಸಿಗೆ ಹಿಗ್ಗಿ, ನೊರೆಯಾಗಿ, ಬ್ರೀದರಿನಿಂದ ಉಕ್ಕುತ್ತದೆ. ಹಾಲು ಉಕ್ಕಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮತ್ತೆ "ಲೈಫ್‌ಟೈಮ್ ಎಣ್ಣೆ, ಬದಲಾಯಿಸೋ ಹಾಗಿಲ್ಲ" ಅನ್ನುವ ಮಾತು. ಯಾರ ಲೈಫು? ಟ್ರ್ಯಾಕಿಗೆ ಹೋಗುವ ಕಾರಿಗೆ ಅದು ಅನ್ವಯಿಸುವುದಿಲ್ಲ. ಇಳಿಸಿ ನೋಡಿ. ಕೆಂಪೆಣ್ಣೆಯಾದರೆ ಹೊಸದರಲ್ಲಿ ಪುನರ್ಪುಳಿ ಶರಬತ್ತಿನ ಬಣ್ಣ. ಡಿಕಾಕ್ಷನ್ ಥರ ಕಪ್ಪಾಗಿ, ಸೀದ ವಾಸನೆ ಬಂದರೆ ಕೆಲಸ ಕೆಟ್ಟಿದೆ. ರೋಸ್ ಮಿಲ್ಕ್ ಥರ ಕಂಡರೆ ಒಳಗಿನ ಕೂಲರ್ ಒಡೆದು ರೇಡಿಯೇಟರ್ ನೀರು ಸೇರಿದೆ ಅಂತ, ಆಗ ಎಂಜಿನ್ ಸ್ಟಾರ್ಟೇ ಮಾಡಬೇಡಿ. (ಎಲ್ಲ ಕುಡಿಯುವುದರಲ್ಲೇ ಹೇಳುತ್ತಿದ್ದೇನೆ, ಹೊರಗೆ ಬಿಸಿಲು ಹಾಗಿದೆ.) ನಮ್ಮ ಮೋಟಾರು ವಿಮೆ ರೇಸಿಂಗ್, ವೇಗದ ಪರೀಕ್ಷೆಗಳನ್ನು ಹೊರಗಿಟ್ಟಿರುತ್ತದೆ, ಹಾಗಾಗಿ ಟ್ರ್ಯಾಕಿನಲ್ಲಿ ಗೇರ್‌ಬಾಕ್ಸ್ ಸುಟ್ಟರೆ ಬಿಲ್ಲು ನಿಮ್ಮದೇ ಜೇಬಿಗೆ ಅಂತ ತಿಳಿದುಕೊಂಡೇ ಇಳಿಯಿರಿ. ಇಷ್ಟಾಗಿಯೂ ಜನ ಮೊದಲು ದುಡ್ಡು ಸುರಿಯುವುದು ಗುಡುಗುವ ಸೈಲೆನ್ಸರಿಗೆ, ಆಮೇಲೆ ಅಲಾಯ್ ವೀಲಿಗೆ. ಎಣ್ಣೆ ಎಷ್ಟು ಬಿಸಿಯಿದೆ ಅಂತ ತೋರಿಸುವ ಆ ಪುಟ್ಟ ರೀಡರ್ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ನನ್ನ ಪ್ರಕಾರ ಅದೇ ಮೊದಲು, ಎರಡನೆಯದು ಹೊಸ ಎಣ್ಣೆ, ಮೂರನೆಯದು ಕೂಲರ್. ಸೈಲೆನ್ಸರ್ ಬೇಡವೇ ಬೇಡ, ಅಕ್ಕಪಕ್ಕದವರೂ ಮಲಗಲಿ.

ಗೆಳೆಯನ ಕಾರಿಗೆ ಈಗ ಕೂಲರ್ ಕೂರಿಸಿದ್ದೇವೆ. ಚೆನ್ನಾಗಿ ಗಾಳಿ ಬರುವ ಜಾಗ ಹುಡುಕಿದರೆ ಅಲ್ಲಿ ಹಾರ್ನ್ ಇತ್ತು, ಅದನ್ನು ಬಿಚ್ಚಿ ಸದ್ಯಕ್ಕೆ ಡಿಕ್ಕಿಯಲ್ಲಿ ಇಟ್ಟಿದ್ದಾನೆ. ಟ್ರ್ಯಾಕಿನಲ್ಲಿ ಹಾರ್ನ್ ಬೇಕಿಲ್ಲ ನಿಜ, ಆದರೆ ಅಲ್ಲಿಗೆ ಹೋಗಲು ಮೊದಲು ಸಿಲ್ಕ್ ಬೋರ್ಡ್ ದಾಟಬೇಕಲ್ಲ! ಎಲ್ಲಿ ಸಿಕ್ಕಿಸಬಹುದು ಅಂತ ಗೊತ್ತಿದ್ದವರು ತಿಳಿಸಿ.