ವ್ಯವಸ್ಥೆ ಬದಲಾದರೂ ಹಳೆಯ ಲೆಕ್ಕ ಓದಬರಬೇಕು

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಅಪೇಕ್ಷಿಸುವ ಟಿಪಿಎಂ 2.0 ಮೊದಲಾದ ಸೌಲಭ್ಯಗಳು ಅನೇಕ ಹಳೆಯ ಗಣಕಯಂತ್ರಗಳಲ್ಲಿಲ್ಲ. ಚಿಂತಾಮಣಿಯ ಮಂಡಿ, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕ, ಗೌರಿಬಿದನೂರಿನ ಸಣ್ಣ ಕಾರ್ಖಾನೆ, ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರ, ಯಾವುದೇ ಇರಲಿ, ಸುಸ್ಥಿತಿಯಲ್ಲಿರುವ ಯಂತ್ರವನ್ನು ಮೂಲೆಗೆಸೆಯುವ ಬದಲು ಉಚಿತವಾಗಿ ದೊರೆಯುವ ಲಿನಕ್ಸ್ ಅಳವಡಿಸುವುದು ಮಿತವ್ಯಯದ ಮಾರ್ಗವೇ ಸರಿ. ಆದರೆ ಹಳೆಯ ಡಿಸ್ಕಿನಲ್ಲಿರುವ ಲೆಕ್ಕಪತ್ರಗಳನ್ನು ಹೊಸ ವ್ಯವಸ್ಥೆ ಓದಬಲ್ಲುದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮಕ್ಕೆ ಫೈಲ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಲಿನಕ್ಸ್‌ಗೆ ಪರಕೀಯ. ಕನ್ನಡ ಲಿಪಿಯನ್ನಷ್ಟೇ ಬಲ್ಲ ಗುಮಾಸ್ತರ ಮುಂದೆ ತೆಲುಗು ಲಿಪಿಯ ಖಾತೆಪುಸ್ತಕವನ್ನಿಟ್ಟಂತೆ. ಪುಸ್ತಕದಲ್ಲಿ ದೋಷವಿಲ್ಲ, ಓದುವವರು ಬೇಕು. ಆ ಓದುಬಲ್ಲ ಭಾಗವು ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿರಬೇಕು, ಇಲ್ಲವೇ ಪ್ರತ್ಯೇಕ ತಂತ್ರಾಂಶವಾಗಿ ದೊರೆಯಬೇಕು. 1993ರಲ್ಲಿ ಬಂದ ಎನ್‌ಟಿಎಫ್‌ಎಸ್‌ಗೆ ಓದು-ಬರಹ ಎರಡನ್ನೂ ನಿರ್ವಹಿಸುವ ಪ್ಯಾರಾಗಾನ್ ಸಂಸ್ಥೆಯ ಚಾಲಕವು ಲಿನಕ್ಸ್ 5.15ರಲ್ಲಿ, ಅಂದರೆ 2021ರಲ್ಲಿ ಸೇರಿತು. ಪೆನ್‌ಡ್ರೈವ್‌ಗಳಲ್ಲಿ ಬಳಕೆಯಲ್ಲಿರುವ ಎಕ್ಸ್‌ಫ್ಯಾಟ್‌ನ ವಿವರಗಳನ್ನು ಮೈಕ್ರೋಸಾಫ್ಟ್ 2019ರಲ್ಲಿ ಪ್ರಕಟಿಸಿತು. ಮರುವರ್ಷ ಸ್ಯಾಮ್‌ಸಂಗ್ ರಚಿಸಿದ ಚಾಲಕ ಕರ್ನಲ್‌ಗೆ ಬಂದಿತು.

ಮೂಲದಲ್ಲಿ ಸೇರಿದ ಮಾತ್ರಕ್ಕೆ ಪ್ರತಿಯೊಂದು ಯಂತ್ರದಲ್ಲಿಯೂ ಅದು ಇರುತ್ತದೆಂದು ಭಾವಿಸಲಾಗದು. ಕರ್ನಲ್ ಸಿದ್ಧಪಡಿಸುವವರು ಇಂತಹ ಚಾಲಕವನ್ನು ಕಾಯಂ ಆಗಿ ಸೇರಿಸಬಹುದು, ಬೇಕಾದಾಗ ತುಂಬಿಕೊಳ್ಳುವ ಮಾಡ್ಯೂಲ್ ಆಗಿ ಇಡಬಹುದು, ಅಥವಾ ಕೈಬಿಡಬಹುದು. ಈ ಒಂದು ಆಯ್ಕೆಯ ಮೇಲೆ ವರ್ತಕರ ಹಲವು ವರ್ಷಗಳ ದಾಖಲೆ ನಿಂತಿದೆ. ಜಿಎಸ್‌ಟಿ ಕಾಯಿದೆಯಂತೆ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಅಂತಿಮ ದಿನದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಬೇಕು. ಅಧಿಕಾರಿಗಳು ಕೇಳಿದಾಗ ಡಿಸ್ಕ್ ತೆರೆಯಲಿಲ್ಲವೆಂಬುದು ಸಮರ್ಥನೆಯಾಗದು.

ಆದುದರಿಂದ ಗಣಕಯಂತ್ರ ಸಿದ್ಧಪಡಿಸುವವರೊಡನೆ ದರ ನಿಗದಿಪಡಿಸುವಾಗಲೇ ಹಳೆಯ ಡಿಸ್ಕನ್ನು ತೆರೆದು ತೋರಿಸಬೇಕೆಂಬ ಷರತ್ತನ್ನು ಬರವಣಿಗೆಯಲ್ಲಿ ಹಾಕುವುದು ಲೇಸು. ವಿಂಡೋಸನ್ನು ಪೂರ್ಣವಾಗಿ ಮುಚ್ಚಿರಬೇಕು. ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಡಿಸ್ಕ್ ಅರ್ಧ ತೆರೆದ ಸ್ಥಿತಿಯಲ್ಲಿ ಉಳಿಯುತ್ತದೆ. ಬಿಟ್‌ಲಾಕರ್ ಬೀಗವಿದ್ದರೆ ಅದರ ಕೀಲಿಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಆರಂಭದಲ್ಲಿ ಓದಲು ಮಾತ್ರ ಅವಕಾಶವಿತ್ತು ಡಿಸ್ಕನ್ನು ತೆರೆದು, ಪ್ರತಿ ತೆಗೆದು, ಕೆಲವು ಬಿಲ್ಲುಗಳನ್ನು ತಾಳೆ ನೋಡಿದ ಬಳಿಕವೇ ಮೂಲವನ್ನು ಅಳಿಸಬೇಕು. ಕಡತ ಓದಬಂದರೂ ಅದನ್ನು ರಚಿಸಿದ ಲೆಕ್ಕದ ತಂತ್ರಾಂಶ ಲಿನಕ್ಸ್‌ನಲ್ಲಿ ನಡೆಯುವುದೆಂಬ ಭರವಸೆಯಿಲ್ಲ. ಮುಖ್ಯ ಖಾತೆಗಳನ್ನು ಪಿಡಿಎಫ್ ರೂಪದಲ್ಲಿಯೂ ಉಳಿಸಿಕೊಳ್ಳುವುದು ಕ್ಷೇಮ.

ತಾಲ್ಲೂಕು ವರ್ತಕರ ಸಂಘಗಳು ಒಂದು ಹಳೆಯ ಯಂತ್ರದಲ್ಲಿ ಈ ಪ್ರಯೋಗವನ್ನು ಸದಸ್ಯರೆದುರು ನಡೆಸಿ ತೋರಿಸಿದರೆ ಅನೇಕರ ಅಂಜಿಕೆ ದೂರವಾದೀತು. ಹೊಸ ಯಂತ್ರದ ಖರ್ಚು ಉಳಿಯುವುದು ಲಾಭವೇ ನಿಜ; ಹಳೆಯ ದಾಖಲೆ ಕೈತಪ್ಪಿದರೆ ಆ ಲಾಭಕ್ಕೆ ಅರ್ಥವಿರದು.