ಬೆಸುಗೆಯ ಗುರುತು ಅಳಿಸಬೇಡಿ

ಇಬ್ಬರು ಬರೆದ ಪ್ರೋಗ್ರಾಮ್ ಬಿಡಿಬಿಡಿಯಾಗಿ ಸರಿಯಾಗಿಯೇ ಓಡುತ್ತದೆ, ಕೂಡಿಸಿದೊಡನೆ ಕೆಡುತ್ತದೆ. ಒಬ್ಬರು ಒಂದು ಫಂಕ್ಷನ್ನಿನ ಹೆಸರು ಬದಲಿಸಿರುತ್ತಾರೆ. ಅದೇ ಹೊತ್ತಿಗೆ ಇನ್ನೊಬ್ಬರು ಬೇರೊಂದು ಫೈಲಿನಲ್ಲಿ ಅದನ್ನು ಹಳೆಯ ಹೆಸರಿನಿಂದಲೇ ಕರೆದಿರುತ್ತಾರೆ. ಸಾಲಿಗೆ ಸಾಲು ತಾಕದ ಕಾರಣ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶ ತಕರಾರೆತ್ತದೆ ಎರಡನ್ನೂ ಮರ್ಜ್ ಮಾಡಿ, ಅಂದರೆ ಬೆಸೆದುಬಿಡುತ್ತದೆ. ತಪ್ಪು ಅವರದೂ ಅಲ್ಲ, ಇವರದೂ ಅಲ್ಲ; ಕೂಡಿಕೆಯದು. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಶುರುಮಾಡಿದ ಈ ಗಿಟ್‌ನಲ್ಲಿ ಇಂಥದನ್ನು ಹಿಡಿಯಲು ಬೈಸೆಕ್ಟ್ ಎಂಬ ದಾರಿಯಿದೆ. ಸರಿಯಿದ್ದ ಒಂದು ಹಂತ, ಕೆಟ್ಟ ಒಂದು ಹಂತ ತೋರಿಸಿದರೆ ನಡುವಿನದನ್ನು ಎತ್ತಿ ಪರೀಕ್ಷೆಗೆ ಕೊಡುತ್ತದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅರ್ಧ ಕಳೆದುಹೋಗುತ್ತದೆ. ಸಾವಿರ ಬದಲಾವಣೆಗಳಿದ್ದರೂ ಸುಮಾರು ಹತ್ತು ಪರೀಕ್ಷೆ ಸಾಕು. ಕೊನೆಗೆ ಸಿಕ್ಕಿದ್ದು ಮರ್ಜ್ ಆಗಿದ್ದು, ಅದರ ಎರಡೂ ಕವಲು ಸರಿಯಿದ್ದರೆ, ದೋಷ ಬೆಸುಗೆಯಲ್ಲೇ ಇದೆ ಎಂದು ಖಚಿತವಾಗಿ ಹೇಳಬಹುದು. ಕವಲುಗಳ ಗುರುತು ಅಳಿಸಿದ್ದರೆ ಈ ಮಾತು ಹೇಳಲು ಬರುವುದಿಲ್ಲ.

ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರುದ್ರಪಟ್ಟಣದಂಥ ಸಂಗೀತದ ಊರಿಗೆ ಈ ವಿಚಾರ ದೂರದ್ದಲ್ಲ. ಪಾಠಶುದ್ಧಿಗೆ ಹೆಸರಾದ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲಿ. ಕಂಪ್ಯೂಟರಿನವರು ಬ್ರಾಂಚ್ ಎನ್ನುವುದನ್ನು ಸಂಗೀತಗಾರರು ಬಹುಕಾಲದಿಂದ ಪಾಠಾಂತರ ಎನ್ನುತ್ತಾ ಬಂದಿದ್ದಾರೆ. ತ್ಯಾಗರಾಜರ ಕೃತಿಗಳು ವಾಲಾಜಪೇಟೆ, ಉಮಯಾಳಪುರ, ತಿಲ್ಲೈಸ್ಥಾನದ ಶಿಷ್ಯರಲ್ಲಿ ಕವಲೊಡೆದವು. ಮಾನಂಬುಚಾವಡಿ ವೆಂಕಟಸುಬ್ಬಯ್ಯ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಮೂಲಕ ಇನ್ನೊಂದು ಕವಲು ಮೈಸೂರು ವಾಸುದೇವಾಚಾರ್ಯರಿಗೆ ಬಂತು. ಹಂಸನಾದದ ‘ಬಂಟುರೀತಿ’ಯನ್ನೇ ನೋಡಿ. ಹಿಂದೆ ಆ ರಾಗದಲ್ಲಿ ಷಟ್‌ಶ್ರುತಿ ಧೈವತ ಇತ್ತು. ಇಂದು ಹೆಚ್ಚಿನವರು ಧೈವತ ಬಿಟ್ಟು ಪಂಚಮದಿಂದ ನೇರ ನಿಷಾದಕ್ಕೆ ಹೋಗುತ್ತಾರೆ. ಎರಡಕ್ಕೂ ಅದರದರದೇ ಸೊಗಸಿದೆ. ಧೈವತವಿಲ್ಲದ ಪಲ್ಲವಿಗೆ ಧೈವತವಿರುವ ಪಾಠದ ಒಂದು ಸಂಗತಿಯನ್ನು ತಂದು ಹೊಲಿದರೆ ಮಾತ್ರ ಎರಡೂ ಕೆಡುತ್ತವೆ. ಕೇಳುವವರಿಗೆ ಏನೋ ಸರಿಯಿಲ್ಲ ಎನ್ನಿಸುತ್ತದೆ, ಎಲ್ಲಿ ಎಂದು ತಿಳಿಯುವುದಿಲ್ಲ. ಮೊಬೈಲಿನಲ್ಲಿ ನಾಲ್ವರು ಗಾಯಕರ ಧ್ವನಿಮುದ್ರಣ ಕೇಳಿ ಕೃತಿ ಕಲಿಯುವ ಈ ಕಾಲದಲ್ಲಿ ಇಂಥ ಹೊಲಿಗೆ ಬಹಳ ಸುಲಭ.

ಬೆರೆಯದೆ ಸಂಗೀತ ಬೆಳೆದೀತೇ ಎಂದು ಕೇಳಬಹುದು. ಬೆಳೆಯದು, ನಿಜ. ಬೆರೆಸುವುದನ್ನು ಗಿಟ್ ಕೂಡ ತಡೆಯುವುದಿಲ್ಲ, ಯಾವುದರೊಡನೆ ಯಾವುದು ಬೆರೆಯಿತು ಎಂದು ಬರೆದಿಡುತ್ತದೆ ಅಷ್ಟೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಮೂಲಗಳನ್ನೆಲ್ಲ ಬರೆಯುತ್ತ ಹೋದರೆ ಸ್ವರಲಿಪಿಯ ಹಾಳೆ ಗೋಜಲಾಗುತ್ತದೆ, ಕಲಿಯುವ ಮಗು ಗೊಂದಲಕ್ಕೆ ಬೀಳುತ್ತದೆ. ಸಾಫ್ಟ್‌ವೇರ್ ತಂಡಗಳಲ್ಲೂ ಇದೇ ಕಾರಣಕ್ಕೆ ಹತ್ತಾರು ಬದಲಾವಣೆಗಳನ್ನು ಒಂದಾಗಿ ಒತ್ತಿ ಸೇರಿಸುವ ಸ್ಕ್ವಾಶ್ ಮರ್ಜ್ ರೂಢಿಯಲ್ಲಿದೆ. ಓದಲು ಅದು ಹಗುರ. ಆದರೆ ದೋಷ ಬಂದ ದಿನ ಹುಡುಕಾಟ ಆ ಒಂದು ಮುದ್ದೆಯ ಬಳಿ ನಿಂತುಬಿಡುತ್ತದೆ. ಗುರುವಿನ ನೆನಪೇ ಸಾಕೆನ್ನುವುದೂ ಸರಿಯಲ್ಲ, ನೆನಪು ಗುರುವಿನೊಡನೆ ಹೋಗಿಬಿಡುತ್ತದೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಅಚ್ಚುಹಾಕಿಸಿದ್ದರಿಂದಲೇ ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಕುರಿತ ವಾದಕ್ಕೆ ಇಂದು ಕಾಲೂರಲು ಒಂದು ನೆಲೆಯಿದೆ.

ರುದ್ರಪಟ್ಟಣದ ಪಾಠ ಹೇಳಿಕೊಡುವವರಲ್ಲೂ ಕಲಿಯುವವರಲ್ಲೂ ಒಂದೇ ಕೋರಿಕೆ. ಸ್ವರಲಿಪಿಯನ್ನು ಚೊಕ್ಕವಾಗಿಯೇ ಇಟ್ಟುಕೊಳ್ಳಿ. ಹಾಳೆಯ ಹಿಂಬದಿಯಲ್ಲಿ ಈ ಪಾಠ ಯಾರಿಂದ ಬಂತು, ಯಾವ ವರ್ಷ, ಯಾವ ಸಂಗತಿ ಬೇರೆ ಎಲ್ಲಿಂದ ಸೇರಿತು ಎಂದು ಮೂರು ಸಾಲು ಬರೆದಿಡಿ.